ತಟ್ಟೆಯ ಲೆಕ್ಕ ಬರೆಯುವವರು ನಮ್ಮಲ್ಲೇಕಿಲ್ಲ?

ಪಿಯುಸಿ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಪಟ್ಟಣಗಳ ಮುಸ್ಲಿಮ್ ಮನೆಗಳಲ್ಲಿ ಎರಡೇ ಪದಗಳು ಕೇಳಿಬರುತ್ತವೆ. ಒಂದು ನೀಟ್, ಇನ್ನೊಂದು ಸಿಇಟಿ. ಮಗ ವೈದ್ಯನಾಗಬೇಕು, ಇಲ್ಲವೇ ಇಂಜಿನಿಯರ್ ಆಗಬೇಕು. ಎರಡೂ ಆಗದಿದ್ದರೆ ಗಲ್ಫ್‌ಗೆ ಹೋಗಬೇಕು. ಮಗಳಾದರೆ ಬಿ.ಎಡ್. ಮುಗಿಸಿ ಶಿಕ್ಷಕಿಯಾಗಲಿ ಎಂಬಲ್ಲಿಗೆ ಕನಸು ನಿಲ್ಲುತ್ತದೆ. ಈ ಕನಸುಗಳಲ್ಲಿ ತಪ್ಪೇನೂ ಇಲ್ಲ. ಶಿಕ್ಷಣದ ಬಗ್ಗೆ ಸಮುದಾಯ ಇಷ್ಟರ ಮಟ್ಟಿಗಾದರೂ ಚಿಂತಿಸುತ್ತಿರುವುದು ಸಂತೋಷದ ವಿಷಯವೇ. ಆದರೆ ‘ನಾನು ವಿಶ್ವವಿದ್ಯಾನಿಲಯದಲ್ಲಿ ಆಹಾರ ನೀತಿಯ ಬಗ್ಗೆ ಸಂಶೋಧನೆ ಮಾಡುತ್ತೇನೆ’ ಎಂದು ಮಗನೋ ಮಗಳೋ ಹೇಳಿದರೆ ಮನೆಯವರ ಪ್ರತಿಕ್ರಿಯೆ ಹೇಗಿದ್ದೀತು? ಕೆಲಸ ಸಿಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಅನ್ನದ ಬಗ್ಗೆ ಸಂಶೋಧಿಸುವುದೇನಿದೆ, ಬೇಯಿಸಿ ಉಂಡರಾಯಿತಲ್ಲ ಎಂಬುದು ಎರಡನೆಯ ಪ್ರಶ್ನೆ.

ಮೊದಲ ಪ್ರಶ್ನೆಗೆ ಆಮೇಲೆ ಬರೋಣ. ಎರಡನೆಯದಕ್ಕೆ ಉತ್ತರ ಬೇಕೆಂದರೆ ದೆಹಲಿಗೋ ರೋಮ್‌ಗೋ ಹೋಗಬೇಕಾಗಿಲ್ಲ. ಚಾಮರಾಜನಗರ ಜಿಲ್ಲೆಯ ಮೂರು ತಾಲೂಕುಗಳನ್ನು ಒಮ್ಮೆ ಸುತ್ತಿ ಬಂದರೆ ಸಾಕು. ಕಾವೇರಿಯ ದಂಡೆಯ, ರೇಷ್ಮೆಗೆ ಹೆಸರಾದ ಕೊಳ್ಳೇಗಾಲ. ಅದರಿಂದ ಬೇರ್ಪಟ್ಟು ಹೊಸ ತಾಲೂಕಾದ, ಮಳೆಯನ್ನೇ ನಂಬಿದ ಗುಡ್ಡಗಾಡಿನ ಹನೂರು. ರಾಜ್ಯದ ಅತಿ ಸಣ್ಣ ತಾಲೂಕುಗಳಲ್ಲೊಂದಾದ, ಒಂದು ಮಗ್ಗುಲಲ್ಲಿ ಭತ್ತದ ಗದ್ದೆಯನ್ನೂ ಇನ್ನೊಂದು ಮಗ್ಗುಲಲ್ಲಿ ಬಿಳಿಗಿರಿರಂಗನ ಬೆಟ್ಟವನ್ನೂ ಇಟ್ಟುಕೊಂಡಿರುವ ಯಳಂದೂರು. ಕೊಳ್ಳೇಗಾಲದ ಮೊಹಲ್ಲಾ, ಬೆಟ್ಟದ ಸೋಲಿಗರ ಹಾಡಿ, ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿ, 1970ರ ದಶಕದಲ್ಲಿ ಒಡೆಯರಪಾಳ್ಯದಲ್ಲಿ ನೆಲೆಗೊಂಡ ಟಿಬೆಟಿಯನ್ನರ ಶಿಬಿರ ಎಲ್ಲವೂ ಒಂದು ದಿನದ ಪ್ರಯಾಣದೊಳಗೇ ಇವೆ. ಇವರೆಲ್ಲರ ತಟ್ಟೆಗಳು ಒಂದೇ ಆಗಿಲ್ಲ. ಆದರೆ ಇವರಿಗಾಗಿ ರೂಪಿಸಲಾಗುವ ನೀತಿ ಮಾತ್ರ ಬಹುತೇಕ ಒಂದೇ. ಆಹಾರ ನೀತಿಯ ಸಂಶೋಧಕನ ಕೆಲಸ ಆರಂಭವಾಗುವುದೇ ಇಲ್ಲಿಂದ.

ಅಂಕಿಅಂಶಗಳನ್ನು ನೋಡಿ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ 35.4 ಶೇಕಡಾ ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಶೇಕಡಾ ಮಂದಿಗೆ ರಕ್ತಹೀನತೆಯಿದೆ. ಹಿಂದಿನ ಸಮೀಕ್ಷೆಯಲ್ಲಿ ಇದು 60.9 ಶೇಕಡಾ ಇತ್ತು. ಅಂದರೆ ಅಕ್ಕಿ ಅಗ್ಗವಾದ ಅವಧಿಯಲ್ಲೇ ರಕ್ತಹೀನತೆ ಹೆಚ್ಚಿದೆ. ಹೊಟ್ಟೆ ತುಂಬುವುದು ಬೇರೆ, ದೇಹಕ್ಕೆ ಬೇಕಾದದ್ದು ಸಿಗುವುದು ಬೇರೆ ಎಂಬುದನ್ನು ಈ ಎರಡು ಸಂಖ್ಯೆಗಳು ಸ್ಪಷ್ಟಪಡಿಸುತ್ತವೆ. ಇಲ್ಲಿ ಇನ್ನೊಂದು ಸಮಸ್ಯೆಯೂ ಇದೆ. ಈ ಸಮೀಕ್ಷೆ ಜಿಲ್ಲೆಗೆ ಒಂದು ಸಂಖ್ಯೆಯನ್ನು ಕೊಡುತ್ತದೆ, ತಾಲೂಕಿಗೆ ಕೊಡುವುದಿಲ್ಲ. ಕೊಳ್ಳೇಗಾಲದ ಅಂಗಡಿ ಮಾಲಿಕನ ಮಗು, ಬೆಟ್ಟದ ಮೇಲಿನ ಸೋಲಿಗ ಮಗು, ಹನೂರಿನ ಕೂಲಿಕಾರ್ಮಿಕನ ಮಗು, ಎಲ್ಲರೂ ಒಂದೇ ಸರಾಸರಿಯಲ್ಲಿ ಕರಗಿ ಹೋಗುತ್ತಾರೆ. ಸರಾಸರಿಯಿಂದ ಈ ಮಕ್ಕಳನ್ನು ಬಿಡಿಸಿ ತೆಗೆಯಬೇಕಾದರೆ ಯಾರಾದರೊಬ್ಬರು ತಕ್ಕಡಿಯನ್ನೂ ಅಳತೆಪಟ್ಟಿಯನ್ನೂ ನೋಟುಪುಸ್ತಕವನ್ನೂ ಹಿಡಿದು ಮನೆಮನೆಗೆ ಹೋಗಲೇಬೇಕು. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ಉಂಡಿರಿ, ಎಷ್ಟು ಉಂಡಿರಿ, ಮನೆಯಲ್ಲಿ ಕೊನೆಗೆ ಉಂಡವರು ಯಾರು ಎಂದು ಕೇಳಿ ಬರೆದುಕೊಳ್ಳಬೇಕು. ಇದು ಆಹಾರ ನೀತಿಯ ಸಂಶೋಧಕನ ದೈನಂದಿನ ಕೆಲಸ. ಇದರಲ್ಲಿ ಆಡಂಬರವಿಲ್ಲ. ಆದರೆ ಈ ಕೆಲಸವಿಲ್ಲದಿದ್ದರೆ ವಿಧಾನಸೌಧದಲ್ಲಿ ಬರೆಯಲಾಗುವ ಯೋಜನೆ ಕತ್ತಲಲ್ಲಿ ಎಸೆದ ಕಲ್ಲಿನಂತೆ.

ಅಕ್ಕಿಯ ವಿಷಯವನ್ನೇ ತೆಗೆದುಕೊಳ್ಳಿ. ಚಾಮರಾಜನಗರದ ದಕ್ಷಿಣಕ್ಕಿರುವ ನೀಲಗಿರಿ ಬೆಟ್ಟದ ಕೂನೂರಿನಲ್ಲಿ 1918ರಲ್ಲಿ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ ಬೆರಿಬೆರಿ ರೋಗದ ತನಿಖೆಯನ್ನು ಆರಂಭಿಸಿದರು. ಅಕ್ಕಿಯನ್ನು ಬೆಳ್ಳಗಾಗಿಸಲು ತೌಡನ್ನು ತೆಗೆದಾಗ ಅದರೊಂದಿಗೆ ಜೀವಸತ್ವವೂ ಹೋಗುತ್ತದೆ, ಅಂತಹ ಅಕ್ಕಿಯನ್ನೇ ನಂಬಿ ಬದುಕುವವರನ್ನು ಬೆರಿಬೆರಿ ಕಾಡುತ್ತದೆ ಎಂಬುದು ಇಂದು ಶಾಲಾ ಮಕ್ಕಳಿಗೂ ಗೊತ್ತಿರುವ ಸಂಗತಿ. ಆ ಒಂದು ಕೋಣೆಯೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಆದರೆ ಶತಮಾನ ಕಳೆದರೂ ನಮ್ಮ ಪಡಿತರ ವ್ಯವಸ್ಥೆಯ ಬೆನ್ನೆಲುಬು ಅದೇ ಪಾಲಿಶ್ ಮಾಡಿದ ಬಿಳಿ ಅಕ್ಕಿ.

2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯನ್ನು ಟೀಕಿಸುವುದು ಈ ಬರಹದ ಉದ್ದೇಶವಲ್ಲ. ಕೂಲಿಗೆ ಹೋಗಲಾಗದ ದಿನವೂ ಒಲೆ ಉರಿಯುವಂತೆ ಮಾಡಿದ ಯೋಜನೆ ಅದು. ಬಡವನಿಗೆ ಉಚಿತ ಅಕ್ಕಿ ಕೊಟ್ಟರೆ ಆತ ಸೋಮಾರಿಯಾಗುತ್ತಾನೆ ಎಂದು ಹೊಟ್ಟೆ ತುಂಬಿದವರು ಆಡುವ ಮಾತು ಕ್ರೌರ್ಯವಲ್ಲದೆ ಬೇರೇನಲ್ಲ. ಆದರೆ ಪ್ರಶ್ನೆ ಕೇಳುವುದು ಟೀಕೆಯಲ್ಲ. ಹನೂರಿನ ಒಣಭೂಮಿಯ ಬೆಳೆ ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಅಷ್ಟೇ ಪ್ರಮಾಣದ ಬಿಳಿ ಅಕ್ಕಿಯಲ್ಲಿರುವುದು 10 ಮಿಲಿಗ್ರಾಂ ಆಸುಪಾಸು. ಮಂಡ್ಯದಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿ ತಳಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ರೈತನ ಹೊಲದಲ್ಲಿ ರಾಗಿಯ ಇಳುವರಿಯನ್ನು ಹೆಚ್ಚಿಸಿದರು. ಹಾಗಿದ್ದೂ ಪಡಿತರ ಚೀಲದಲ್ಲಿ ರಾಗಿಗೆ ಎಷ್ಟು ಜಾಗವಿರಬೇಕು, ಬೆಂಬಲ ಬೆಲೆಗೆ ಖರೀದಿಸಿದ ರಾಗಿ ಬೆಳೆದವನ ತಾಲೂಕಿನಲ್ಲೇ ಹಂಚಿಕೆಯಾಗಬೇಕೋ ಬೇಡವೋ, ಮುದ್ದೆ ಉಣ್ಣುತ್ತಿದ್ದ ಮನೆಯಲ್ಲಿ ಅನ್ನವೊಂದೇ ಉಳಿದರೆ ಮಕ್ಕಳ ಮೂಳೆಗೆ ಏನಾಗುತ್ತದೆ ಎಂಬ ಪ್ರಶ್ನೆಗಳು ಮುಗಿದಿಲ್ಲ. 2023ರಲ್ಲಿ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲಾ 170 ರೂಪಾಯಿ ನಗದು ಕೊಡಲಾಯಿತು. 2025ರ ಫೆಬ್ರವರಿಯಲ್ಲಿ ನಗದಿನ ಬದಲು ಅಕ್ಕಿಯನ್ನೇ ಕೊಡುವ ತೀರ್ಮಾನವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಸಚಿವ ಸಂಪುಟ ನಿರ್ಧರಿಸಿತು. ಎರಡೂವರೆ ವರ್ಷಗಳೊಳಗೆ ಮೂರು ಬದಲಾವಣೆಗಳು. ನಗದು ಯಾರ ಕೈ ಸೇರಿತು, ಅದರಲ್ಲಿ ಬೇಳೆ ಬಂತೋ ಸಾರಾಯಿ ಬಂತೋ, ಅಕ್ಕಿ ಕೊಟ್ಟಾಗ ಅದರಲ್ಲಿ ಎಷ್ಟು ಮಾರಾಟವಾಯಿತು ಎಂಬುದನ್ನು ಪಕ್ಷಗಳ ವಕ್ತಾರರು ಹೇಳಲಾರರು. ತಿಂಗಳುಗಟ್ಟಲೆ ಅದೇ ಬೀದಿಗಳಲ್ಲಿ ಓಡಾಡಿದ ಸಂಶೋಧಕ ಮಾತ್ರ ಹೇಳಬಲ್ಲ.

ಪಡಿತರ ಅಕ್ಕಿಯಲ್ಲಿ ಬೆರೆಸುವ ಸಾರವರ್ಧಿತ ಕಾಳುಗಳ ಕತೆಯೂ ಹೀಗೆಯೇ. ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಅಕ್ಕಿಯನ್ನು ಎಲ್ಲ ಸರಕಾರಿ ಯೋಜನೆಗಳಲ್ಲೂ ಕೊಡುವುದಾಗಿ ಪ್ರಧಾನಿ 2021ರ ಸ್ವಾತಂತ್ರ್ಯ ದಿನದಂದು ಘೋಷಿಸಿದರು. ಜನರು ಆ ಕಾಳುಗಳನ್ನು ನೋಡಿ ‘ಪ್ಲಾಸ್ಟಿಕ್ ಅಕ್ಕಿ’ ಎಂದು ಹೆದರಿ ಆರಿಸಿ ಎಸೆದ ಸುದ್ದಿಗಳು ರಾಜ್ಯದ ಹಲವೆಡೆಗಳಿಂದ ಬಂದವು. ಇನ್ನೊಂದೆಡೆ, ಸೋಲಿಗರಂತಹ ಬುಡಕಟ್ಟುಗಳಲ್ಲಿ ಕಾಣಿಸುವ ಸಿಕಲ್ ಸೆಲ್ ರಕ್ತದೋಷ ಇರುವವರಿಗೆ ಹೆಚ್ಚುವರಿ ಕಬ್ಬಿಣ ಒಳ್ಳೆಯದೇ ಕೆಟ್ಟದ್ದೇ ಎಂಬ ಬಗ್ಗೆ ತಜ್ಞರಲ್ಲೇ ಚರ್ಚೆ ನಡೆಯಿತು. ವದಂತಿಯಿಂದ ನಿಜವಾದ ಆತಂಕವನ್ನು ಬೇರ್ಪಡಿಸುವವರು ಬೇಕು. ಜನರಿಗೆ ಅವರ ಭಾಷೆಯಲ್ಲಿ ವಿವರಿಸುವವರೂ ಬೇಕು. ವಾಟ್ಸಾಪ್ ಆ ಕೆಲಸವನ್ನು ಮಾಡಲಾರದು.

ಹನೂರು ತಾಲೂಕಿನ ಸುಳ್ವಾಡಿಯನ್ನು ಯಾರೂ ಮರೆತಿರಲಾರರು. 2018ರ ಡಿಸೆಂಬರ್ 14ರಂದು ಅಲ್ಲಿನ ಕಿಚ್‌ಗುತ್ತಿ ಮಾರಮ್ಮ ದೇವಸ್ಥಾನದಲ್ಲಿ ಪ್ರಸಾದ ಸೇವಿಸಿದ 17 ಮಂದಿ ಪ್ರಾಣ ಕಳಕೊಂಡರು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ಅನೇಕರನ್ನು ದೂರದ ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಅನ್ನದಲ್ಲಿ ಬೆರೆತಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ವಿಷ ಬೆರೆಸಿದ ಆರೋಪ ಹೊತ್ತವರನ್ನು ನ್ಯಾಯಾಲಯ ವಿಚಾರಿಸುತ್ತದೆ. ಆದರೆ ನ್ಯಾಯಾಲಯ ಕೇಳದ ಪ್ರಶ್ನೆಯೊಂದಿದೆ. ಇಷ್ಟು ಘೋರವಾದ ವಿಷ ಒಂದು ಗುಡ್ಡಗಾಡು ಹಳ್ಳಿಯಲ್ಲಿ ಅಷ್ಟು ಸುಲಭವಾಗಿ ಕೈಗೆ ಸಿಗುತ್ತಿದ್ದುದಾದರೂ ಹೇಗೆ? 2013ರ ಜುಲೈ 16ರಂದು ಬಿಹಾರದ ಸಾರನ್ ಜಿಲ್ಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತದ್ದೂ ಇದೇ ವಿಷದಿಂದ. ಆಗಲೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಇಂತಹ ಕೀಟನಾಶಕಗಳನ್ನು ಹಿಂತೆಗೆಯುವಂತೆ ಅಭಿವೃದ್ಧಿಶೀಲ ದೇಶಗಳಿಗೆ ಸಲಹೆ ನೀಡಿತ್ತು. ನಮ್ಮಲ್ಲಿ ತರಕಾರಿಗೆ ಅದನ್ನು ಬಳಸಬಾರದೆಂಬ ನಿಷೇಧ 2005ರಿಂದಲೇ ಇತ್ತು, ಆದರೆ ಅಂಗಡಿಯಲ್ಲಿ ಬಾಟಲಿಯೂ ಇತ್ತು. ಹೆಚ್ಚು ಬಳಕೆಯಲ್ಲಿದ್ದ ಅದರ ದ್ರಾವಣದ ನೋಂದಣಿಯನ್ನು ರದ್ದುಪಡಿಸುವ ಆದೇಶ ಹೊರಬಿದ್ದದ್ದು 2023ರಲ್ಲಿ. ಅದೂ ಉಳಿದ ದಾಸ್ತಾನು ಮಾರಿ ಮುಗಿಸಲು ಒಂದು ವರ್ಷದ ಅವಕಾಶದೊಂದಿಗೆ! ಬಿಹಾರದ ಮಕ್ಕಳು ಸತ್ತ ಹತ್ತು ವರ್ಷಗಳ ಬಳಿಕ, ಸುಳ್ವಾಡಿಯ ಭಕ್ತರು ಸತ್ತ ಐದು ವರ್ಷಗಳ ಬಳಿಕ. 2025ರ ಜೂನ್‌ನಲ್ಲಿ ಇದೇ ಹನೂರು ಭಾಗದ ಹೂಗ್ಯಂ ಅರಣ್ಯ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತಾಗ ಇಡೀ ದೇಶ ಬೆಚ್ಚಿತು. ವಿಷದ ಮಾರಾಟ, ದಾಸ್ತಾನು, ರೈತನ ಅನಿವಾರ್ಯತೆ, ಕಂಪೆನಿಗಳ ಲಾಭ, ಅಧಿಕಾರಿಗಳ ಮೌನ ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ ತೋರಿಸುವ ಅಧ್ಯಯನ ಪೊಲೀಸರ ಕೆಲಸವಲ್ಲ. ಅದು ವಿಶ್ವವಿದ್ಯಾನಿಲಯದ ಕೆಲಸ.

ಇನ್ನು ಯಳಂದೂರಿನ ಬೆಟ್ಟಕ್ಕೆ ಬರೋಣ. ಸೋಲಿಗರ ಆಹಾರವೆಂದರೆ ಹೊಲದ ರಾಗಿ ಮತ್ತು ಅವರೆ ಮಾತ್ರವಲ್ಲ. ಕಾಡಿನ ಗೆಡ್ಡೆ, ಗೆಣಸು, ಸೊಪ್ಪು, ಜೇನು, ನೆಲ್ಲಿಯೂ ಹೌದು. 1974ರಲ್ಲಿ ಕಾಡು ವನ್ಯಧಾಮವಾಯಿತು. 2000ದ ದಶಕದ ಮಧ್ಯದಲ್ಲಿ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವುದಕ್ಕೆ ನಿರ್ಬಂಧ ಬಿತ್ತು. ಬೇಸಿಗೆಯ ಆರಂಭದಲ್ಲಿ ಒಣಗಿದೆಲೆಗಳಿಗೆ ಸಣ್ಣದಾಗಿ ಬೆಂಕಿ ಹಚ್ಚುವ ‘ತರಗು ಬೆಂಕಿ’ಯ ಪದ್ಧತಿಯನ್ನು ಅರಣ್ಯ ಇಲಾಖೆ ಅಪರಾಧವೆಂದು ನಿಲ್ಲಿಸಿತು. ತರಗು ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು, ಗೆಡ್ಡೆ ಸಿಗದಾಯಿತು, ನೆಲ್ಲಿ ಮರಗಳಿಗೆ ಬಂದಳಿಕೆ ಮುತ್ತಿತು ಎಂದು ಸೋಲಿಗ ಹಿರಿಯರು ಹೇಳುತ್ತಲೇ ಬಂದರು. ಅದು ಅನಕ್ಷರಸ್ಥರ ಮಾತೆಂದು ತಳ್ಳಿಹಾಕಲಾಯಿತು. ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ಸಂಶೋಧಕರು ಬಿಳಿಗಿರಿರಂಗನ ಬೆಟ್ಟದಲ್ಲೇ ಠಿಕಾಣಿ ಹೂಡಿ, ಸೋಲಿಗರ ಜೊತೆ ಕಾಡನ್ನು ಅಳೆದು, ಆ ಮಾತಿನಲ್ಲಿ ಹುರುಳಿದೆ ಎಂಬುದನ್ನು ವಿದ್ವತ್ ಪತ್ರಿಕೆಗಳಲ್ಲಿ ಬರೆದ ಬಳಿಕವಷ್ಟೇ ಅದು ‘ಜ್ಞಾನ’ವಾಯಿತು. 2011ರಲ್ಲಿ ಈ ಬೆಟ್ಟದ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ದೊರೆತಾಗ, ಅದೇ ವರ್ಷ ಹುಲಿ ಸಂರಕ್ಷಿತ ಪ್ರದೇಶವಾಗಿದ್ದ ಕಾಡಿನಲ್ಲೂ ಜನರ ಹಕ್ಕಿದೆ ಎಂಬುದಕ್ಕೆ ಅದು ದೇಶಕ್ಕೇ ಮಾದರಿಯಾಯಿತು.

ಈ ಕತೆಯಲ್ಲಿ ನಾವು ಗಮನಿಸಬೇಕಾದ ಒಬ್ಬ ವ್ಯಕ್ತಿಯಿದ್ದಾರೆ. ಸಿ. ಮಾದೇಗೌಡ. ಸೋಲಿಗ ಸಮುದಾಯದಿಂದ ಮೊತ್ತಮೊದಲು ಪಿಎಚ್.ಡಿ. ಪಡೆದವರು. ಇಡೀ ಸಮುದಾಯವೇ ಕೆಲವು ಹತ್ತು ಸಾವಿರ ಜನರದ್ದು. ಶತಮಾನಗಳ ಕಾಲ ಶಾಲೆಯ ಮುಖವನ್ನೇ ಕಾಣದ ಆ ಸಮುದಾಯ ತನ್ನೊಳಗಿನಿಂದ ಒಬ್ಬ ಸಂಶೋಧಕನನ್ನು ಬೆಳೆಸಿತು. ಆತ ತನ್ನ ಜನರ ಹಕ್ಕಿನ ಹೋರಾಟದಲ್ಲೂ ನಿಂತರು, ಸಂಶೋಧನೆಯ ಪುಟಗಳಲ್ಲೂ ನಿಂತರು. ಇತರರು ಬಂದು ಅಧ್ಯಯನ ಮಾಡುವ ‘ವಸ್ತು’ವಾಗಿದ್ದ ಸಮುದಾಯ ಸ್ವತಃ ಪ್ರಶ್ನೆ ಕೇಳತೊಡಗಿದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ?

ಹಾಗಾದರೆ ನಮ್ಮ ಸ್ಥಿತಿಯೇನು? ಸಾಚಾರ್ ಸಮಿತಿ 2006ರಲ್ಲೇ ಒಂದು ಸೋಜಿಗದ ಸಂಗತಿಯನ್ನು ದಾಖಲಿಸಿತ್ತು. ಬಡತನವಿದ್ದರೂ ಮುಸ್ಲಿಮರಲ್ಲಿ ಶಿಶುಮರಣದ ಪ್ರಮಾಣ ದೇಶದ ಸರಾಸರಿಗಿಂತ ಕಡಿಮೆ. ಏಕೆ? ನಮ್ಮ ಮನೆಯ ಮಕ್ಕಳ ಬಗ್ಗೆ ಇರುವ ಈ ಪ್ರಶ್ನೆಗೆ ಉತ್ತರ ಹುಡುಕಿದವರು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಮೈಕೆಲ್ ಗೆರೂಸೊ ಮತ್ತು ಡೀನ್ ಸ್ಪಿಯರ್ಸ್. ಮುಸ್ಲಿಮ್ ಮನೆಗಳಲ್ಲೂ ಅವರ ನೆರೆಹೊರೆಯಲ್ಲೂ ಬಯಲು ಶೌಚ ಕಡಿಮೆಯಿರುವುದು ಇದಕ್ಕೆ ದೊಡ್ಡ ಕಾರಣವೆಂದು 2018ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳಿತು. ಶುಚಿತ್ವದ ಬಗ್ಗೆ ನಾವು ಜುಮಾ ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ, ಆದರೆ ಅದು ಮಕ್ಕಳ ಪ್ರಾಣ ಉಳಿಸುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಲು ಟೆಕ್ಸಾಸ್‌ನವರು ಬರಬೇಕಾಯಿತು. ವಿಪರ್ಯಾಸವಲ್ಲವೇ?

ಇನ್ನೂ ಒಂದು ಮಾತು. ಆಹಾರ ನೀತಿಯೆಂದರೆ ಸರಕಾರದ್ದು ಮಾತ್ರ ಎಂದು ತಿಳಿಯಬೇಕಾಗಿಲ್ಲ. ನಮ್ಮ ಜಮಾಅತ್‌ಗಳಿಗೂ ಒಂದು ಆಹಾರ ನೀತಿಯಿದೆ, ಅದನ್ನು ನಾವು ಆ ಹೆಸರಿನಿಂದ ಕರೆಯುವುದಿಲ್ಲ ಅಷ್ಟೇ. ರಮಝಾನ್ ಬಂತೆಂದರೆ ಝಕಾತ್ ಮತ್ತು ಸದಕಾದ ಹಣದಲ್ಲಿ ಪಟ್ಟಣ ಪಟ್ಟಣಗಳಲ್ಲೂ ರೇಷನ್ ಕಿಟ್‌ಗಳು ಹಂಚಿಕೆಯಾಗುತ್ತವೆ. ಅದರಲ್ಲಿ ಅಕ್ಕಿ, ಮೈದಾ, ಸಕ್ಕರೆ, ಎಣ್ಣೆ, ಶರಬತ್ತಿನ ಬಾಟಲಿ. ಪಡಿತರದಲ್ಲಿ ಈಗಾಗಲೇ ಅಕ್ಕಿ ಸಿಗುವ ಮನೆಗೆ ನಾವೂ ಅಕ್ಕಿಯನ್ನೇ ಕೊಡಬೇಕೇ? ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 47.8 ಶೇಕಡಾ ಮಂದಿಗೆ ರಕ್ತಹೀನತೆಯಿರುವಾಗ ಆ ಕಿಟ್‌ನಲ್ಲಿ ಬೇಳೆ, ಕಡಲೆ, ಬೆಲ್ಲ, ಮೊಟ್ಟೆಗೆ ಎಷ್ಟು ಜಾಗವಿದೆ? ಮಧುಮೇಹವಿರುವ ವೃದ್ಧೆಯ ಮನೆಗೂ ಅದೇ ಸಕ್ಕರೆ ಹೋಗುತ್ತದೆಯೇ? ಕುರ್ಬಾನಿಯ ಮಾಂಸ ವರ್ಷದಲ್ಲಿ ಮೂರು ದಿನ ಒಂದೇ ಬೀದಿಯಲ್ಲಿ ಉಕ್ಕಿ ಹರಿದು, ಪಕ್ಕದ ಹಳ್ಳಿಯ ಬಡ ಮನೆಗೆ ತಲುಪದೇ ಹೋಗುವುದೇಕೆ? ವಲೀಮದ ಊಟದಲ್ಲಿ ಎಷ್ಟು ಪಾತ್ರೆ ಬಿರಿಯಾನಿ ಮಣ್ಣು ಪಾಲಾಗುತ್ತದೆ? ಈ ಪ್ರಶ್ನೆಗಳನ್ನು ಕೇಳಿದರೆ ಮಸೀದಿ ಸಮಿತಿಗಳು ಮುನಿಸಿಕೊಳ್ಳಬಹುದು. ಆದರೆ ಲೆಕ್ಕವಿಲ್ಲದ ದಾನ ಕೊಟ್ಟವನಿಗೆ ತೃಪ್ತಿಯನ್ನು ಕೊಡುತ್ತದೆಯೇ ಹೊರತು ಪಡೆದವನಿಗೆ ಪೋಷಣೆಯನ್ನು ಕೊಡುವುದಿಲ್ಲ. ಒಂದು ಪಟ್ಟಣದ ಇನ್ನೂರು ಕಿಟ್ ಪಡೆದ ಮನೆಗಳನ್ನು ಒಂದು ವರ್ಷ ಹಿಂಬಾಲಿಸಿ ಒಬ್ಬ ವಿದ್ಯಾರ್ಥಿನಿ ವರದಿ ಬರೆದರೆ ಅದು ಸಮುದಾಯಕ್ಕೆ ಯಾವ ಭಾಷಣಕ್ಕಿಂತಲೂ ಹೆಚ್ಚು ಉಪಕಾರಿ.

ನೀತಿ ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿಯಲು ಬೀದಿಗಿಳಿಯಬೇಕು ಎಂಬುದು ನಮಗೆ ಹೊಸ ಪಾಠವೇನಲ್ಲ. ಖಲೀಫಾ ಉಮರ್(ರ)ರ ಆಡಳಿತದಲ್ಲಿ ಮೊಲೆಹಾಲು ಬಿಟ್ಟ ಮಕ್ಕಳಿಗೆ ಖಜಾನೆಯಿಂದ ಭತ್ಯೆ ನೀಡುವ ಕ್ರಮವಿತ್ತು. ಒಂದು ರಾತ್ರಿ ಮದೀನಾದ ಹೊರವಲಯದಲ್ಲಿ ಬೀಡುಬಿಟ್ಟಿದ್ದ ವರ್ತಕರ ತಂಡವನ್ನು ಕಾಯುತ್ತಿದ್ದಾಗ ಮಗುವೊಂದರ ನಿರಂತರ ಅಳು ಅವರ ಕಿವಿಗೆ ಬಿತ್ತೆಂದೂ, ವಿಚಾರಿಸಿದಾಗ ಭತ್ಯೆ ಬೇಗ ಸಿಗಲೆಂದು ತಾಯಿ ಅವಧಿಗೆ ಮುನ್ನವೇ ಹಾಲು ಬಿಡಿಸುತ್ತಿರುವುದು ತಿಳಿಯಿತೆಂದೂ ಚರಿತ್ರೆಯ ಗ್ರಂಥಗಳು ಹೇಳುತ್ತವೆ. ತನ್ನ ಎದುರಿಗಿರುವುದು ಖಲೀಫಾ ಎಂಬುದು ಆ ತಾಯಿಗೆ ಗೊತ್ತಿರಲಿಲ್ಲ. ಆದ್ದರಿಂದಲೇ ಆಕೆ ನಿಜವನ್ನು ಹೇಳಿದಳು. ಮರುದಿನ ಆದೇಶ ಬದಲಾಯಿತು. ಭತ್ಯೆ ಹುಟ್ಟಿದ ದಿನದಿಂದಲೇ ದೊರೆಯುವಂತಾಯಿತು. ಯೋಚಿಸಿ ನೋಡಿ. ಆದೇಶದ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಅದರ ಪರಿಣಾಮ ಮಕ್ಕಳ ಹಾಲನ್ನು ಕಿತ್ತುಕೊಂಡಿತ್ತು. ಕಡತದಲ್ಲಿ ಈ ಸತ್ಯ ಕಾಣಿಸಲಿಲ್ಲ, ಕಾಣಿಸಿದ್ದು ಅಳುವಿನ ಜಾಡು ಹಿಡಿದು ಹೋದವರಿಗೆ. ಬರಗಾಲದ ಏಳು ವರ್ಷಗಳನ್ನು ಮುಂದಾಗಿ ಕಂಡು ಧಾನ್ಯವನ್ನು ತೆನೆಯಲ್ಲೇ ಉಳಿಸಿಡುವ ಯೋಜನೆ ರೂಪಿಸಿದ ಪ್ರವಾದಿ ಯೂಸುಫ್(ಅ)ರು ಕಣಜದ ಹೊಣೆಯನ್ನು ಕೇಳಿ ಪಡೆದದ್ದು ತಮ್ಮಲ್ಲಿರುವ ಜ್ಞಾನ ಮತ್ತು ಪ್ರಾಮಾಣಿಕತೆಯ ಆಧಾರದಲ್ಲಿ. ಅವರು ಉಳಿಸಿದ್ದು ತಮ್ಮ ಕುಟುಂಬವನ್ನು ಮಾತ್ರವಲ್ಲ, ತಮ್ಮನ್ನು ಸೆರೆಯಲ್ಲಿಟ್ಟ ನಾಡನ್ನು.

ಸಂಶೋಧನೆ ರಾಜಕೀಯದಿಂದ ದೂರವಿರುವ ಸುರಕ್ಷಿತ ಕೋಣೆ ಎಂಬ ಭ್ರಮೆಯೂ ಬೇಡ. ಶಾಲಾ ಮಕ್ಕಳ ಮೊಟ್ಟೆಯ ವಿವಾದವೇ ಇದಕ್ಕೆ ಸಾಕ್ಷಿ. 2021ರ ಡಿಸೆಂಬರ್‌ನಲ್ಲಿ ರಾಜ್ಯದ ಕೆಲವು ಹಿಂದುಳಿದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಯಾರ ಮಗು ಏನನ್ನು ತಿನ್ನಬೇಕೆಂಬುದನ್ನು ನಂಬಿಕೆಯ ಹೆಸರಿನಲ್ಲಿ ಇತರರು ತೀರ್ಮಾನಿಸತೊಡಗಿದ್ದರು. ಆಗ ಗದುಗಿನ ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾನಿಲಯದ ಸಂಶೋಧಕರು ಘೋಷಣೆ ಕೂಗಲಿಲ್ಲ. ಮೊಟ್ಟೆ ಕೊಟ್ಟ ಯಾದಗಿರಿ ಜಿಲ್ಲೆಯ ಮಕ್ಕಳನ್ನೂ ಕೊಡದ ಗದಗ ಜಿಲ್ಲೆಯ ಮಕ್ಕಳನ್ನೂ ತೂಗಿದರು. ಯಾದಗಿರಿಯ ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ ತೂಕ ಸ್ಪಷ್ಟವಾಗಿ ಹೆಚ್ಚಿತ್ತು. ಅದೇ 2022ರಲ್ಲಿ, ರಾಷ್ಟ್ರೀಯ ಶಿಕ್ಷಣ ನೀತಿಯ ಸಂಬಂಧ ರಾಜ್ಯ ರಚಿಸಿದ್ದ ಸಮಿತಿಯೊಂದರ ದಾಖಲೆ, ಮೊಟ್ಟೆಯ ನಿತ್ಯ ಸೇವನೆಯಿಂದ ಮಕ್ಕಳಲ್ಲಿ ಬೊಜ್ಜು ಮತ್ತು ಹಾರ್ಮೋನ್ ಏರುಪೇರು ಉಂಟಾಗುತ್ತದೆ ಎಂಬರ್ಥದ ಮಾತನ್ನಾಡಿ ವೈದ್ಯರಿಂದಲೇ ಟೀಕೆಗೊಳಗಾಯಿತು. ಒಂದೆಡೆ ಪೂರ್ವಾಗ್ರಹ, ಇನ್ನೊಂದೆಡೆ ತಕ್ಕಡಿ. ಕೊನೆಗೆ ಗೆದ್ದದ್ದು ತಕ್ಕಡಿ. ಯೋಜನೆ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. 2024ರಲ್ಲಿ ಅಝೀಮ್ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ನೀಡುವ ಒಪ್ಪಂದವಾಯಿತು.

ಆದರೆ ಎಲ್ಲ ತಕ್ಕಡಿಗಳೂ ಗೆಲ್ಲುವುದಿಲ್ಲ. 2017-18ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಫಲಿತಾಂಶವನ್ನು ಕೇಂದ್ರ ಸರಕಾರ 2019ರ ನವೆಂಬರ್‌ನಲ್ಲಿ ಗುಣಮಟ್ಟದ ಕಾರಣ ಕೊಟ್ಟು ತಡೆಹಿಡಿಯಿತು. 2013ರ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಪ್ರದೇಶದ 75 ಶೇಕಡಾ ಮತ್ತು ನಗರದ 50 ಶೇಕಡಾ ಜನರಿಗೆ ಪಡಿತರದ ಹಕ್ಕನ್ನು ಕೊಟ್ಟಿದೆ. ಆದರೆ ಎಣಿಕೆಯ ಆಧಾರ 2011ರ ಜನಗಣತಿ. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. 2027ರ ಗಣತಿಗೆ ಅಧಿಸೂಚನೆ ಬಂದದ್ದು 2025ರ ಜೂನ್‌ನಲ್ಲಿ. ನಡುವೆ ಹುಟ್ಟಿದ, ಮದುವೆಯಾಗಿ ಬೇರೆ ಸಂಸಾರ ಹೂಡಿದ ಕೋಟ್ಯಂತರ ಜನರು ಲೆಕ್ಕದ ಹೊರಗೇ ಉಳಿದರು. ಎಣಿಸದಿರುವುದೂ ಒಂದು ನೀತಿಯೇ. ಹಸಿದವನನ್ನು ಎಣಿಸದಿದ್ದರೆ ಹಸಿವೇ ಇಲ್ಲವೆಂದು ಹೇಳುವುದು ಸುಲಭ.

ಈಗ ಮೊದಲ ಪ್ರಶ್ನೆಗೆ ಬರೋಣ. ಕೆಲಸ ಸಿಗುತ್ತದೆಯೇ? ದಾರಿ ಸುಲಭವಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಪಿಎಚ್.ಡಿ.ಗೆ ನಾಲ್ಕೈದು ವರ್ಷಗಳು ಬೇಕು. ಆ ಬಳಿಕವೂ ಖಾಯಂ ಹುದ್ದೆಗೆ ಕಾಯಬೇಕಾದೀತು. ಆದರೆ ಬಾಗಿಲುಗಳು ಇಲ್ಲವೆಂದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆಯ ಅಧ್ಯಯನ ವಿಭಾಗವಿದೆ. ಅದೇ ಊರಿನಲ್ಲಿ 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿದೆ. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯವಿದೆ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಸಂಸ್ಥೆಯಿದೆ. ಅರ್ಥಶಾಸ್ತ್ರ, ಗೃಹವಿಜ್ಞಾನ, ಸಮಾಜಕಾರ್ಯ, ಕೃಷಿ, ಕಾನೂನು ಯಾವುದನ್ನು ಓದಿದವರೂ ಈ ಕ್ಷೇತ್ರಕ್ಕೆ ಬರಬಹುದು. ಯುಜಿಸಿಯ ಕಿರಿಯ ಸಂಶೋಧಕರ ಫೆಲೋಶಿಪ್ 2023ರಲ್ಲಿ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿದೆ. ನಮ್ಮ ಎಷ್ಟು ಮಕ್ಕಳಿಗೆ ನೆಟ್ ಮತ್ತು ಜೆಆರ್‌ಎಫ್ ಪರೀಕ್ಷೆಯ ಹೆಸರು ಗೊತ್ತಿದೆ?

ಇದರ ನಡುವೆ ಇದ್ದ ಏಣಿಯನ್ನೂ ಸರಿಸಲಾಗಿದೆ ಎಂಬುದನ್ನು ಹೇಳಲೇಬೇಕು. ಸಾಚಾರ್ ವರದಿಯ ಹಿನ್ನೆಲೆಯಲ್ಲಿ 2009ರಲ್ಲಿ ಆರಂಭವಾದ, ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗಾಗಿನ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್‌ನ್ನು 2022-23ರಿಂದ ನಿಲ್ಲಿಸಲಾಗಿದೆ ಎಂದು ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ಇತರ ಯೋಜನೆಗಳೊಂದಿಗೆ ಅದು ಪುನರಾವರ್ತನೆಯಾಗುತ್ತಿದೆ ಎಂಬುದು ಕೊಟ್ಟ ಕಾರಣ. 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಉನ್ನತ ಶಿಕ್ಷಣದಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ಪಾಲು 4.6 ಶೇಕಡಾ, ಅವರ ಸಂಖ್ಯೆ ಹಿಂದಿನ ವರ್ಷಕ್ಕಿಂತ 1.79 ಲಕ್ಷದಷ್ಟು ಕುಸಿದಿತ್ತು. 2011ರ ಗಣತಿಯಂತೆ ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು 14.2 ಶೇಕಡಾ. ಪುನರಾವರ್ತನೆ ಎಲ್ಲಿದೆ, ಕೊರತೆ ಎಲ್ಲಿದೆ ಎಂಬುದನ್ನು ಈ ಎರಡು ಸಂಖ್ಯೆಗಳೇ ಹೇಳುತ್ತವೆ. ರಾಜ್ಯದಲ್ಲೂ ಸ್ಥಿತಿ ಹೆಮ್ಮೆ ಪಡುವಂತಿಲ್ಲ. ಹಿಂದಿನ ಸರಕಾರದ ಅವಧಿಯಲ್ಲಿ ಸ್ಥಾಪನೆಯಾದ, ಚಾಮರಾಜನಗರವೂ ಸೇರಿದಂತೆ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಪ್ರಸ್ತಾಪವನ್ನು 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಂದಿಟ್ಟಿತು. ಅನುದಾನವಿಲ್ಲದೆ ವಿಶ್ವವಿದ್ಯಾನಿಲಯಗಳನ್ನು ಘೋಷಿಸುವುದೂ ತಪ್ಪು, ಘೋಷಿಸಿದ ಬಳಿಕ ಅವುಗಳ ಕತ್ತು ಹಿಸುಕಲು ಹೊರಡುವುದೂ ತಪ್ಪು. ಹನೂರಿನ ಕೂಲಿಕಾರನ ಮಗಳಿಗೆ ಹತ್ತಿರದ ವಿಶ್ವವಿದ್ಯಾನಿಲಯ ಅನುಕೂಲದ ಪ್ರಶ್ನೆಯಲ್ಲ, ಓದುವುದೋ ಬಿಡುವುದೋ ಎಂಬ ಪ್ರಶ್ನೆ.

ಹಾಗೆಂದು ಸರಕಾರವನ್ನು ದೂರುತ್ತಾ ಕೂತರೆ ಹೊಣೆ ಮುಗಿಯುವುದಿಲ್ಲ. ಹೆಣ್ಣುಮಗಳು ಹಳ್ಳಿ ಹಳ್ಳಿ ತಿರುಗಿ ಮಾಹಿತಿ ಸಂಗ್ರಹಿಸುವುದು ಹೇಗೆ ಎಂದು ಆತಂಕಪಡುವ ತಂದೆ ತಾಯಂದಿರು ಒಂದನ್ನು ನೆನಪಿಡಬೇಕು. ಅಡುಗೆಮನೆಯೊಳಗಿನ ಸತ್ಯ ಗಂಡಸು ಸಂಶೋಧಕನಿಗೆ ಸುಲಭವಾಗಿ ಸಿಗುವುದಿಲ್ಲ. ಮನೆಮಂದಿಗೆಲ್ಲ ಬಡಿಸಿ ಉಳಿದದ್ದನ್ನು ಉಣ್ಣುವ ಬಾಣಂತಿ, ತನ್ನ ಹಸಿವನ್ನು ಹೇಳಿಕೊಳ್ಳುವುದು ಇನ್ನೊಬ್ಬಳು ಹೆಣ್ಣಿನ ಬಳಿ. ಸುರಕ್ಷಿತವಾಗಿ, ಮರ್ಯಾದೆಯಿಂದ ಈ ಕೆಲಸ ಮಾಡುವ ಏರ್ಪಾಡುಗಳನ್ನು ಕೇಳಿ ಪಡೆಯೋಣ. ಕೆಲಸವನ್ನೇ ಬಿಡಿಸುವುದು ಬೇಡ.

ನಮ್ಮ ಜಮಾಅತ್‌ಗಳು, ಶಿಕ್ಷಣ ಸಂಸ್ಥೆಗಳು, ಗಲ್ಫ್‌ನಲ್ಲಿರುವ ಅನಿವಾಸಿ ಸಂಘಟನೆಗಳು ಮನಸ್ಸು ಮಾಡಿದರೆ ಜಿಲ್ಲೆಗೊಬ್ಬ ಸಂಶೋಧನಾ ವಿದ್ಯಾರ್ಥಿಯನ್ನು ಸಾಕುವುದು ಅಸಾಧ್ಯವೇನಲ್ಲ. ಒಂದು ವೈಭವದ ಮದುವೆಯ ಊಟದ ಖರ್ಚು ಒಬ್ಬ ವಿದ್ಯಾರ್ಥಿನಿಯ ಎಷ್ಟು ತಿಂಗಳ ಓದಿಗೆ ಸಾಕಾದೀತೆಂದು ಲೆಕ್ಕ ಹಾಕಿ ನೋಡಿ. ಆ ಸಂಶೋಧಕಿ ಬರೆಯುವ ವರದಿ ಮುಸ್ಲಿಮ್ ಮೊಹಲ್ಲಾದ ಬಗ್ಗೆ ಮಾತ್ರ ಇರಬೇಕಾಗಿಲ್ಲ. ಸೋಲಿಗರ ಹಾಡಿಯ ಬಗ್ಗೆ, ಸುಳ್ವಾಡಿಯ ವಿಷದ ಬಗ್ಗೆ, ಹನೂರಿನ ರಾಗಿ ಬೆಳೆಗಾರನ ಬಗ್ಗೆ ಒಬ್ಬ ಮುಸ್ಲಿಮ್ ಸಂಶೋಧಕಿ ಅಧಿಕಾರಯುತವಾಗಿ ಮಾತನಾಡುವ ದಿನ ಬಂದರೆ, ನಮ್ಮ ದೇಶಪ್ರೇಮವನ್ನು ಪ್ರಶ್ನಿಸುವವರಿಗೆ ಬೇರೆ ಉತ್ತರ ಕೊಡಬೇಕಾಗಿ ಬರದು.

ಹಸಿದವನಿಗೆ ಉಣಬಡಿಸುವುದು ಪುಣ್ಯವೆಂದು ನಾವು ನಂಬುತ್ತೇವೆ. ಅವನು ಏಕೆ ಹಸಿದ, ನಾಳೆಯೂ ಏಕೆ ಹಸಿಯುತ್ತಾನೆ ಎಂದು ಹುಡುಕುವುದೂ ಅದೇ ಪುಣ್ಯದ ಭಾಗವೆಂದು ನಂಬಲು ತಡವೇಕೆ?